ಗೂಗಲ್ ವರ್ಕ್‌ಸ್ಪೇಸ್‌ನಲ್ಲಿರುವ ಕಚೇರಿ ಕಡತಗಳಿಗೆ ಮುಕ್ತ ತಂತ್ರಾಂಶದ ಬ್ಯಾಕಪ್

ಇಪ್ಪತ್ತು ಜನರ ನಿಮ್ಮ ಕಚೇರಿಯ ಮೇಲ್ ಮತ್ತು ಕಡತಗಳೆಲ್ಲ ಗೂಗಲ್ ವರ್ಕ್‌ಸ್ಪೇಸ್‌ನಲ್ಲೇ ಇವೆ, ಅದಕ್ಕೆ ಬೇರೆ ಬ್ಯಾಕಪ್ ಬೇಕೇ, ಬೇಕಿದ್ದರೆ ಯಾವ ಮುಕ್ತ ತಂತ್ರಾಂಶ ಬಳಸಬಹುದು ಎಂದು ಕೇಳಿದ್ದೀರಿ. ಖಂಡಿತ ಬೇಕು. ಗೂಗಲ್‌ನ ಡಿಸ್ಕ್ ಕೆಟ್ಟು ಕಡತ ಹೋದದ್ದನ್ನು ನಾನು ಇದುವರೆಗೆ ಕಂಡಿಲ್ಲ. ನಮ್ಮವರೇ ಅಳಿಸಿ ಕಳೆದುಕೊಂಡದ್ದನ್ನು ಹಲವು ಸಲ ಕಂಡಿದ್ದೇನೆ.

ಗೂಗಲ್ ಡ್ರೈವ್‌ನ ಕಸದಬುಟ್ಟಿಗೆ ಹಾಕಿದ ಕಡತ 30 ದಿನಗಳಲ್ಲಿ ತಾನಾಗಿ ಅಳಿಯುತ್ತದೆ, ಅದಾದ ಮೇಲೆ 25 ದಿನಗಳವರೆಗೆ ಅಡ್ಮಿನ್ ಮಾತ್ರ ಅದನ್ನು ಮರಳಿ ತರಬಲ್ಲರು. ಬಳಕೆದಾರರ ಖಾತೆಯನ್ನೇ ಅಳಿಸಿದರೆ ಸಿಗುವ ಅವಕಾಶ 20 ದಿನ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ, ಲೈಸೆನ್ಸ್ ಶುಲ್ಕ ಉಳಿಯಲೆಂದು, ಕೆಲಸ ಬಿಟ್ಟವರೊಬ್ಬರ ಖಾತೆಯನ್ನು ನಾನೇ ಅಳಿಸಿದ್ದೆ. ಎರಡು ತಿಂಗಳ ಬಳಿಕ ಜಿಎಸ್‌ಟಿ ನೋಟಿಸಿಗೆ ಉತ್ತರಿಸಲು ಅವರ ಮೇಲ್‌ಗಳು ಬೇಕಾದಾಗ, ನಾವೇ ಕಳಿಸಿದ್ದ ಮೇಲ್‌ಗಳನ್ನು ನಮಗೆ ಮರಳಿ ಕಳಿಸಿರೆಂದು ಗ್ರಾಹಕರಿಗೆ ಫೋನ್ ಮಾಡಿ ಬೇಡಿಕೊಳ್ಳಬೇಕಾಯಿತು.

ಈಗ ನಾನು ಮೂರು ತಂತ್ರಾಂಶಗಳನ್ನು ಜೋಡಿಸಿ ಬಳಸುತ್ತೇನೆ. ಮೇಲ್‌ಗೆ ಗಾಟ್ ಯುವರ್ ಬ್ಯಾಕ್ ಸಾಕು. ಅದು ಜಿಮೇಲ್‌ನ ಪ್ರತಿಯೊಂದು ಸಂದೇಶವನ್ನೂ ಪ್ರತ್ಯೇಕ ಕಡತವಾಗಿ ಇಳಿಸಿಕೊಂಡು, ಮರಳಿಸುವಾಗ ಲೇಬಲ್‌ಗಳನ್ನೂ ಹಚ್ಚಿಕೊಡುತ್ತದೆ. ಡ್ರೈವ್‌ನ ಕಡತಗಳನ್ನು ಕಚೇರಿಯ ಯಂತ್ರಕ್ಕೆ ಇಳಿಸಿಕೊಳ್ಳಲು ಆರ್‌ಕ್ಲೋನ್. ಇದರಲ್ಲಿ ಹೊಸಬರು ಎಡವುವುದು 'ಸಿಂಕ್' ಆಜ್ಞೆಯಲ್ಲಿ: ಮೂಲದಲ್ಲಿ ಅಳಿಸಿದ್ದನ್ನು ಅದು ಪ್ರತಿಯಲ್ಲೂ ನಿಷ್ಠೆಯಿಂದ ಅಳಿಸುತ್ತದೆ. 'ಕಾಪಿ' ಆಜ್ಞೆ ಅಳಿಸುವುದಿಲ್ಲವಾದರೂ, ಯಾರೋ ಹಾಳುಮಾಡಿದ ಲೆಕ್ಕದ ಹಾಳೆಯನ್ನು ಹಿಂದಿನ ಒಳ್ಳೆಯ ಪ್ರತಿಯ ಮೇಲೆಯೇ ಬರೆದುಬಿಡುತ್ತದೆ. ಆದ್ದರಿಂದ ಇಳಿದು ಬಂದ ಫೋಲ್ಡರನ್ನು ಪ್ರತಿ ರಾತ್ರಿ, ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುವ ಮೂರನೆಯ ತಂತ್ರಾಂಶವಾದ ರೆಸ್ಟಿಕ್‌ಗೆ ಒಪ್ಪಿಸುತ್ತೇನೆ. ಅದು ಕಡತಗಳನ್ನು ತುಂಡುಗಳಾಗಿ ಒಡೆದು, ಹೊಸ ತುಂಡುಗಳನ್ನಷ್ಟೇ ಗೂಢಲಿಪೀಕರಿಸಿ ಸೇರಿಸುವುದರಿಂದ, ವರ್ಷವಿಡೀ ದಿನಕ್ಕೊಂದು ಸ್ನ್ಯಾಪ್‌ಶಾಟ್ (ಆ ದಿನ ಕಡತಗಳು ಇದ್ದ ಸ್ಥಿತಿಯ ಪ್ರತಿ) ಇಟ್ಟರೂ ಜಾಗ ಅಷ್ಟಾಗಿ ಹೆಚ್ಚುವುದಿಲ್ಲ. ರೆಸ್ಟಿಕ್‌ನ ಪಾಸ್‌ವರ್ಡ್ ಕಳೆದರೆ ಬ್ಯಾಕಪ್ ಹೋದಂತೆಯೇ. ನಾನು ಅದನ್ನು ಕಾಗದದ ಮೇಲೆ ಬರೆದು ಕಚೇರಿಯ ಬೀರುವಿನಲ್ಲಿಟ್ಟಿದ್ದೇನೆ.

ರೆಸ್ಟಿಕ್‌ನ ಒಂದು ಪ್ರತಿ ಕಚೇರಿಯ ಡಿಸ್ಕ್‌ನಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರಲಿ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ನೌಕರರು ಕಡತಗಳನ್ನಿಡುತ್ತಿದ್ದ, ಜಿ-ಡ್ರೈವ್ ಎಂಬ ಸರ್ಕಾರದ್ದೇ ಸಂಗ್ರಹದ (ಇದು ಗೂಗಲ್ ಡ್ರೈವ್ ಅಲ್ಲ) 858 ಟೆರಾಬೈಟ್ ದತ್ತಾಂಶಕ್ಕೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ.

ಗೂಗಲ್ ಡಾಕ್ಸ್ ಮತ್ತು ಶೀಟ್ಸ್ ಡ್ರೈವ್‌ನಲ್ಲಿ ಸಾಮಾನ್ಯ ಕಡತಗಳಂತೆ ಇರುವುದಿಲ್ಲ. ಆರ್‌ಕ್ಲೋನ್ ಅವನ್ನು ವರ್ಡ್, ಎಕ್ಸೆಲ್ ರೂಪಕ್ಕೆ ಬದಲಿಸಿ ತರುತ್ತದೆ, ಹಳೆಯ ಆವೃತ್ತಿಗಳ ಇತಿಹಾಸವಾಗಲಿ ಯಾರಿಗೆ ಹಂಚಿದ್ದೀರಿ ಎಂಬ ವಿವರವಾಗಲಿ ಅದರ ಜೊತೆ ಬರುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಕಡತಗಳಿದ್ದರೆ ಇನ್ನೊಂದು ತೊಡಕಿದೆ. ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಯ ಡಿಸ್ಕ್‌ನಲ್ಲಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ, ಕನ್ನಡದ ಪ್ರತಿ ಯೂನಿಕೋಡ್ ಸಂಕೇತವೂ 3 ಬೈಟ್ ತಿನ್ನುತ್ತದೆ, 'ಕ್ಷ' ಒಂದಕ್ಕೇ 9 ಬೈಟ್ ಬೇಕು. ಗೂಗಲ್ ಡ್ರೈವ್ ತಕರಾರಿಲ್ಲದೆ ಒಪ್ಪಿಕೊಂಡ 'ಆಡಳಿತ ಮಂಡಳಿಯ ವಿಶೇಷ ಸಭೆಯ ನಡಾವಳಿ…' ಎಂದು ಶುರುವಾಗುವ ಉದ್ದನೆಯ ಹೆಸರುಗಳು ಹೀಗೆ ಹೊರಗುಳಿದದ್ದು ಆರ್‌ಕ್ಲೋನ್‌ನ ಲಾಗ್ (ಕೆಲಸದ ದಾಖಲೆ) ಓದಿದಾಗಲೇ ನನಗೆ ತಿಳಿದದ್ದು.

ತಿಂಗಳಿಗೊಮ್ಮೆ ಯಾವುದಾದರೂ ಹತ್ತು ಕಡತಗಳನ್ನು ಬೇರೊಂದು ಯಂತ್ರಕ್ಕೆ ಮರಳಿಸಿ ತೆರೆದು ನೋಡಿ. ನನ್ನ ಮೊದಲ ಪರೀಕ್ಷೆಯಲ್ಲೇ ಕೊನೆಯ ಮೂರು ವಾರಗಳ ಕಡತಗಳು ಇರಲಿಲ್ಲ. ಆರ್‌ಕ್ಲೋನ್‌ಗೆ ಡ್ರೈವ್ ತೆರೆಯುವ ಅನುಮತಿ ಕೊಡಲೆಂದು ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ನಾನು ಸೃಷ್ಟಿಸಿದ್ದ ಆ್ಯಪ್, ಹೊರಗಿನವರಿಗೂ ತೆರೆದಿರುವ 'ಎಕ್ಸ್‌ಟರ್ನಲ್' ಬಗೆಯದಾಗಿ 'ಟೆಸ್ಟಿಂಗ್' ಸ್ಥಿತಿಯಲ್ಲೇ ಉಳಿದಿತ್ತು, ಆ ಸ್ಥಿತಿಯಲ್ಲಿ ಕೊಟ್ಟ ಅನುಮತಿ 7 ದಿನಗಳಲ್ಲಿ ರದ್ದಾಗುತ್ತದೆ. ಅದನ್ನು ಕಚೇರಿಯವರಿಗಷ್ಟೇ ಸೀಮಿತವಾದ 'ಇಂಟರ್ನಲ್' ಎಂದು ಬದಲಿಸಿದ ಮೇಲೆ ಈ ತೊಂದರೆ ಮರುಕಳಿಸಿಲ್ಲ.