ಅಶ್ಲೀಲ ಫೋಟೋ ಕಂಪ್ಯೂಟರಿಗೆ ಯಾಕೆ ಗೊತ್ತಾಗೋದಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಮೈ ಜಾಸ್ತಿ ಕಂಡರೆ ಫೋಟೋ ತಡೆದರೆ ಆಯ್ತಲ್ಲ, ಇಷ್ಟಕ್ಕೆ ದೊಡ್ಡ ದೊಡ್ಡ ಕಂಪನಿಗಳೂ ಯಾಕೆ ಒದ್ದಾಡುತ್ತವೆ? ಕಾಲೇಜು ಪ್ರಾಜೆಕ್ಟಿಗೆ ಇದನ್ನೇ ತಗೊಳ್ಳಲಾ?

ತಗೊಳ್ಳಿ. ಆದರೆ ಮೊದಲು ನನ್ನ ಪೇಡೆ ಕಥೆ ಕೇಳಿ.

ಹುಬ್ಬಳ್ಳಿಯಲ್ಲಿ ನಮ್ಮದು ನಾಲ್ಕು ಜನರ ಆಫೀಸು. ಸುತ್ತಲಿನ ಅಂಗಡಿ, ಜಾತ್ರೆ, ಕುಸ್ತಿ ಅಂತ ಜನ ಫೋಟೋ ಹಾಕುವ ಒಂದು ಸಣ್ಣ ಆ್ಯಪ್ ನಡೆಸುತ್ತೇವೆ. ನಾನೂ ನಿಮ್ಮ ಹಾಗೇ ಯೋಚಿಸಿ, ಮೈಬಣ್ಣದ ಪಿಕ್ಸೆಲ್ ಎಣಿಸುವ ಕೋಡ್ ಬರೆದೆ. ಮೊದಲ ದಿನವೇ ಸಿಕ್ಕಿಬಿದ್ದದ್ದು ಧಾರವಾಡ ಪೇಡೆ. ತಟ್ಟೆ ತುಂಬ ಪೇಡೆ, ತೀರಾ ಹತ್ತಿರದಿಂದ ತೆಗೆದದ್ದು. ಸಕ್ಕರೆ ಉದುರಿದ ಕಡೆಯೆಲ್ಲ ನಸುಗಂದು ಬಣ್ಣ, ಮೇಲೆ ತುಪ್ಪದ ಸಣ್ಣ ಹೊಳಪು. ನನ್ನ ಕೋಡಿನ ಕಣ್ಣಿಗೆ ಅದು ಅಪ್ಪಟ ಚರ್ಮ. ಪಕ್ಕದ ಸೀಟಿನವರು ಇಣುಕಿ ನೋಡಿ, "ಏನ್ರೀ, ಪೇಡೆನೂ ಬಿಡಂಗಿಲ್ಲೇನು ನಿಮ್ಮ ಮಷೀನು?" ಅಂದರು.

ಬಣ್ಣ ಒಂದನ್ನೇ ನಂಬಿದರೆ ಆಗೋದಿಲ್ಲ ಅಂತ ಈ ಕೆಲಸ ಶುರು ಮಾಡಿದವರಿಗೂ ಗೊತ್ತಿತ್ತು. 1996ರಲ್ಲೇ ಫ್ಲೆಕ್, ಫೋರ್ಸಿತ್, ಬ್ರೆಗ್ಲರ್ ಅನ್ನುವ ಮೂವರು ಸಂಶೋಧಕರು ಮೊದಲು ಚರ್ಮ ಹುಡುಕಿ, ಆಮೇಲೆ ಆ ತುಂಡುಗಳು ಕೈಕಾಲಿನ ಹಾಗೆ ಜೋಡಣೆಯಾಗುತ್ತವಾ ಅಂತ ನೋಡುವ ದಾರಿ ಹಿಡಿದಿದ್ದರು. ಈಗ ರಾಶಿ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ, ಅಂದರೆ ನ್ಯೂರಲ್ ನೆಟ್‌ವರ್ಕ್ ಬಂದಿದೆ, ಆಕಾರವನ್ನು ಅದೇ ಕಲಿತುಕೊಳ್ಳುತ್ತದೆ. ಹಾಗಂತ ಬಚಾವಾದೆವು ಅಂದುಕೊಳ್ಳಬೇಡಿ. 2020ರಲ್ಲಿ ಕೆನಡಾದ ಒಂದು ಬೀಜದ ಅಂಗಡಿಯವರ ಉಳ್ಳಾಗಡ್ಡಿ ಜಾಹೀರಾತನ್ನು ಫೇಸ್‌ಬುಕ್ ಅಶ್ಲೀಲ ಅಂತ ತಡೆದಿತ್ತು. ಗದಗಿನವರು ಕೇಳಿದರೆ ನಗಬೇಕು.

2016ರಲ್ಲಿ ಯಾಹೂ, ಅಶ್ಲೀಲ ಫೋಟೋ ಗುರುತಿಸಲು ಹೀಗೆ ಕಲಿಸಿದ ತನ್ನ ಮಾಡೆಲನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಫೋಟೋ ಕೊಟ್ಟರೆ 0ಯಿಂದ 1ರೊಳಗೆ ಒಂದು ಅಂಕ ಕೊಡುತ್ತದೆ, 1ರ ಹತ್ತಿರ ಹೋದಷ್ಟೂ ಅನುಮಾನ ಜಾಸ್ತಿ, ಅಷ್ಟೇ. ಎಲ್ಲಿ ಗೆರೆ ಎಳೀಬೇಕು ಅನ್ನೋದು ನಮ್ಮ ತಲೆನೋವು. ನಾವೂ ಅಂಥದ್ದೊಂದು ಮಾಡೆಲ್ ಹಾಕಿ 0.8ಕ್ಕೆ ಗೆರೆ ಎಳೆದೆವು. ಮರುವಾರ ಗರಡಿ ಮನೆಯ ಫೋಟೋ ಬಂತು. ಕೆಮ್ಮಣ್ಣು ಮೆತ್ತಿದ ಇಬ್ಬರು, ಮೈಮೇಲೆ ಲಂಗೋಟಿ ಬಿಟ್ಟರೆ ಏನಿಲ್ಲ, ಒಬ್ಬರ ತೊಡೆಗೆ ಇನ್ನೊಬ್ಬರ ತೋಳು ಸಿಕ್ಕಿಕೊಂಡಿದೆ. ಅಂಕ 0.93. ಉಸ್ತಾದರು ಫೋನ್ ಮಾಡಿದರು: "ತಮ್ಮಾ, ನಮ್ಮ ಗರಡಿ ಮನಿ ಫೋಟೋದಾಗ ಏನ್ ಹೊಲಸು ಕಂಡೈತಿ ನಿನಗ?" ಉತ್ತರ ಇರಲಿಲ್ಲ. ಲಕ್ಕುಂಡಿಗೆ ಹೋಗಿಬಂದವರು ದಿಗಂಬರ ತೀರ್ಥಂಕರರ ವಿಗ್ರಹದ ಫೋಟೋ ಹಾಕಿದಾಗಲೂ ಇದೇ ಗತಿ.

ಬಟ್ಟೆ ಇಲ್ಲ ಅನ್ನೋದು ಫೋಟೋದಲ್ಲಿ ಕಾಣುತ್ತದೆ. ಅಶ್ಲೀಲ ಅನ್ನೋದು ಅದರಾಚೆ ಇದೆ. ವಿಯೆಟ್ನಾಂ ಯುದ್ಧದಲ್ಲಿ ಬೆಂಕಿಯಿಂದ ಓಡಿಬರುವ ಬೆತ್ತಲೆ ಹುಡುಗಿಯ 1972ರ ಫೋಟೋವನ್ನು ಫೇಸ್‌ಬುಕ್ 2016ರಲ್ಲಿ ತೆಗೆದುಹಾಕಿ, ಗಲಾಟೆಯಾದ ಮೇಲೆ ವಾಪಸ್ ಹಾಕಿತು. ಅದರ ಉಲ್ಟಾನೂ ಇದೆ. ಬಸ್ಸಿನಲ್ಲಿ ಕೂತ ಹುಡುಗಿಗೆ ಗೊತ್ತಾಗದ ಹಾಗೆ ಯಾರೋ ತೆಗೆದ ಫೋಟೋ ನಮ್ಮಲ್ಲಿ 0.04 ಅಂಕದಲ್ಲಿ ಸಲೀಸಾಗಿ ದಾಟಿತು. ಒಪ್ಪಿಗೆ ಇತ್ತೋ ಇಲ್ಲವೋ ಅನ್ನೋದನ್ನು ಪಿಕ್ಸೆಲ್ ಹೇಳೋದಿಲ್ಲ. ನನಗೆ ಪೇಡೆಗಿಂತ ಜಾಸ್ತಿ ಚುಚ್ಚಿದ್ದು ಇದೇ.

ಇನ್ನೊಂದು ಲೆಕ್ಕ. 1 ಲಕ್ಷ ಫೋಟೋದಲ್ಲಿ 100 ಕೆಟ್ಟವು ಅಂದುಕೊಳ್ಳಿ. ಮಾಡೆಲ್ 100ಕ್ಕೆ 99 ಸಲ ಸರಿ. ಆಗ 99 ಕೆಟ್ಟವು ಸಿಗುತ್ತವೆ, ಜೊತೆಗೆ 999 ಒಳ್ಳೆಯವೂ ಸಿಕ್ಕಿಬೀಳುತ್ತವೆ. ಹಿಡಿದ 11ರಲ್ಲಿ 10 ಪೇಡೆ! ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಸುಮ್ನೆ "99% ಅಕ್ಯುರಸಿ" ಅಂತ ಬರೆದು ಕೈತೊಳೆದುಕೊಳ್ಳಬೇಡಿ.

ಮೊದಲೇ ಗೊತ್ತಿರುವ ಫೋಟೋ ಮತ್ತೆ ಬಂದರೆ ಹಿಡಿಯೋದು ಬೇರೆ ಕೆಲಸ, ಅದು ಇಷ್ಟು ಕಷ್ಟವಲ್ಲ. 2009ರ ಫೋಟೋಡಿಎನ್‌ಎ ಅನ್ನುವ ಸಾಫ್ಟ್‌ವೇರ್ ಮಾಡೋದು ಅದನ್ನೇ: ಚಿತ್ರದಿಂದ ಬೆರಳಚ್ಚಿನಂಥ ಒಂದು ಗುರುತು ತೆಗೆದು ಪಟ್ಟಿಗೆ ಹೋಲಿಸುತ್ತದೆ. ಹೊಸ ಫೋಟೋ ಬಂದರೆ ಅದರ ಕೈಲಾಗದು.

ಈಗ ನಾವು 0.4ರಿಂದ 0.95ರವರೆಗಿನವನ್ನು ಪಕ್ಕಕ್ಕಿಟ್ಟು, ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಒಬ್ಬರು ಕೂತು ನೋಡುತ್ತೇವೆ. ಪಾಳಿ ಹಚ್ಚಿದ್ದೇವೆ, ಯಾಕಂದರೆ ದಿನಾ ಒಬ್ಬರೇ ನೋಡಿದರೆ ತಲೆ ಕೆಡುತ್ತದೆ. ನೀವು ಟೆಸ್ಟ್ ಮಾಡೋವಾಗ ಇಂಟರ್ನೆಟ್ಟಿನ ಫೋಟೋಗಳ ಜೊತೆ ನಮ್ಮ ಕಡೆಯವನ್ನೂ ಸೇರಿಸಿ. ಪೇಡೆ ಫೋಟೋ ಬೇಕಿದ್ದರೆ ನನ್ನ ಹತ್ತಿರ ನಲವತ್ತಿವೆ.