ಸಂಪಾದಕರ ಉತ್ತರ: ನಿಮ್ಮ ಸ್ಪೀಕರ್ ಸರಿಯಾಗಿಯೇ ಇದೆ

ಮೈಸೂರಿನ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಮೈ ಬ್ಲಡಿ ವ್ಯಾಲೆಂಟೈನ್ ಅನ್ನುವ ರಾಕ್ ಬ್ಯಾಂಡ್‌ನ ‘ಲವ್‌ಲೆಸ್’ ಆಲ್ಬಮ್ಮನ್ನು ನಾವು ಹೊಗಳಿದ್ದೆವು. ನೀವು ಅದನ್ನು ನಂಬಿ ಕೇಳಿ, ಸಿಟ್ಟಾಗಿ ಪತ್ರ ಬರೆದಿದ್ದೀರಿ. ‘ಸ್ಪೀಕರ್ ಕೆಟ್ಟಿದೆ ಅಂತ ವೈರ್ ಬಿಚ್ಚಿ ಮತ್ತೆ ಹಾಕಿದೆ. ಟೇಪ್ ಎಳೆದ ಹಾಗೆ ಸದ್ದು. ಒಂದು ಪದವೂ ಅರ್ಥವಾಗಲಿಲ್ಲ. ನೂರು ಗಿಟಾರ್ ಪೇರಿಸಿ ಗದ್ದಲ ಎಬ್ಬಿಸೋಕೆ ಅಷ್ಟೊಂದು ವರ್ಷ, ಅಷ್ಟೊಂದು ದುಡ್ಡು ಬೇಕಿತ್ತಾ?’ ಅಂತ ಕೇಳಿದ್ದೀರಿ.

ನೂರು ಗಿಟಾರ್ ಮಾತನ್ನೇ ಮೊದಲು ಹಿಡಿಯೋಣ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಎಷ್ಟೋ ಬ್ಯಾಂಡ್‌ಗಳ ಡೆಮೊಗಿಂತ, ಅಂದರೆ ಕಚ್ಚಾ ರೆಕಾರ್ಡಿಂಗಿಗಿಂತ, ಇದರಲ್ಲಿ ಗಿಟಾರ್ ಟ್ರ್ಯಾಕ್‌ಗಳು ಕಡಿಮೆ ಅಂತ ಅದನ್ನು ನುಡಿಸಿದ ಕೆವಿನ್ ಶೀಲ್ಡ್ಸ್ ಹೇಳಿದ್ದಾರೆ. ಹಾಗಾದರೆ ಆ ತೂರಾಟ ಎಲ್ಲಿಂದ ಬಂತು? ಬಲಗೈಯಿಂದ. ಫೆಂಡರ್ ಜಾಝ್‌ಮಾಸ್ಟರ್ ಗಿಟಾರಿನಲ್ಲಿ ಉದ್ದನೆಯ ಲೋಹದ ಕಡ್ಡಿಯೊಂದು ಇರುತ್ತದೆ, ಟ್ರೆಮೊಲೊ ಆರ್ಮ್ ಅಂತ. ಒತ್ತಿದರೆ ತಂತಿಗಳು ಸಡಿಲವಾಗಿ ಶ್ರುತಿ ಇಳಿಯುತ್ತದೆ. ಬಿಟ್ಟರೆ ಮತ್ತೆ ಮೇಲೆ ಬರುತ್ತದೆ. ಸಾಮಾನ್ಯವಾಗಿ ಗಿಟಾರಿಸ್ಟ್‌ಗಳು ಸ್ವರ ಮೀಟಿ ಆದಮೇಲೆ ಅದನ್ನು ಒಮ್ಮೆ ಒತ್ತಿ ಬಿಡುತ್ತಾರೆ. ಶೀಲ್ಡ್ಸ್ ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟುತ್ತಾರೆ. ಕೈ ಆಡಿದಂತೆಲ್ಲ ಇಡೀ ಕಾರ್ಡ್ (ಒಟ್ಟಿಗೆ ಮೀಟಿದ ಸ್ವರಗಳ ಗುಂಪು) ಒಂಚೂರು ಇಳಿದು, ಒಂಚೂರು ಏರಿ, ನಿಂತಲ್ಲಿ ನಿಲ್ಲುವುದೇ ಇಲ್ಲ. ನಿಮಗೆ ಟೇಪ್ ಎಳೆದ ಹಾಗೆ ಕೇಳಿಸಿದ್ದು ಇದೇ. ಇದರ ಜೊತೆಗೆ ತಿರುಗಿಸಿದ ರಿವರ್ಬ್, ಅಂದರೆ ಉಲ್ಟಾ ಮಾಡಿದ ಪ್ರತಿಧ್ವನಿ, ಸೇರಿದರೆ, ಮೀಟಿದಾಗಿನ ‘ಟಣ್’ ಅನ್ನುವ ಮೊನೆಯೇ ಮಾಯವಾಗುತ್ತದೆ. ಬರೀ ಗುಂಯ್‌ಗುಡುವ ಸದ್ದು ಊದಿಕೊಂಡು ಬರುತ್ತದೆ. ಇಂಥ ಗಿಟಾರ್ ಸಂಗೀತಕ್ಕೆ ಶೂಗೇಜ್ ಅಂತ ಹೆಸರು. ಈ ಬಗೆಯ ಬ್ಯಾಂಡ್‌ನವರು ತಲೆ ತಗ್ಗಿಸಿ ಕಾಲ ಬಳಿಯ, ಸದ್ದು ಬದಲಿಸುವ ಪೆಡಲ್ ನೋಡುತ್ತ ನಿಲ್ಲುತ್ತಾರೆ ಅಂತ ಬ್ರಿಟಿಷ್ ಪತ್ರಿಕೆಗಳು ಆಡಿಕೊಂಡಿದ್ದವು. ಈ ಆಲ್ಬಮ್ಮಿನ ಮಟ್ಟಿಗೆ ಆ ಪತ್ರಕರ್ತರು ಶೀಲ್ಡ್ಸ್ ಕೈ ನೋಡಬೇಕಿತ್ತು.

ಇನ್ನು ಪದಗಳು. ಸಿನಿಮಾ ಹಾಡು ಕೇಳಿ ಬೆಳೆದ ನಮ್ಮ ಕಿವಿಗೆ ದನಿ ಮುಂದೆ, ವಾದ್ಯ ಹಿಂದೆ ಇರಬೇಕು, ಅಲ್ವಾ? ಇಲ್ಲಿ ದನಿಯನ್ನು ಬೇಕೆಂದೇ ಗಿಟಾರಿನ ಜೊತೆ ಬೆರೆಸಿಟ್ಟಿದ್ದಾರೆ. ಬ್ಯಾಂಡಿನ ಗಾಯಕಿ ಬಿಲಿಂಡಾ ಬುಚರ್ ಎಷ್ಟೋ ಸಲ ಸ್ಟುಡಿಯೋದಲ್ಲೇ ಮಲಗಿ, ಎಬ್ಬಿಸಿದ ಕೂಡಲೇ ಹಾಡುತ್ತಿದ್ದರು. ಆ ನಿದ್ದೆಗಣ್ಣು ಹಾಡಿನಲ್ಲಿ ಕೇಳಿಸುತ್ತದೆ. ಹಾಡುವಾಗ ಎಂಜಿನಿಯರ್ ನೋಡಬಾರದು ಅಂತ ಗಾಜಿಗೆ ಪರದೆ ಎಳೆದಿದ್ದರು. ಟೇಕ್ ಚೆನ್ನಾಗಿ ಬಂದರೆ ಪರದೆ ಸರಿಸಿ ಕೈ ಬೀಸುವುದು, ಅಷ್ಟೇ. ‘ವೆನ್ ಯು ಸ್ಲೀಪ್’ ಹಾಡಿಗೆ ಯಾವ ಟೇಕೂ ಶೀಲ್ಡ್ಸ್‌ಗೆ ಹಿಡಿಸಲಿಲ್ಲ. ಕೊನೆಗೆ ಎಲ್ಲವನ್ನೂ ಒಟ್ಟಿಗೇ ಹಾಕಿಬಿಟ್ಟರು. ಹಾಡುತ್ತಿರುವುದು ಗಂಡೋ ಹೆಣ್ಣೋ ಅನ್ನುವುದೂ ಅದರಲ್ಲಿ ತಿಳಿಯುವುದಿಲ್ಲ. ಆಲ್ಬಮ್ಮಿನ ಜೊತೆ ಸಾಹಿತ್ಯವನ್ನೂ ಅಚ್ಚು ಹಾಕಲಿಲ್ಲ. ಪದ ಹುಡುಕಿಕೊಂಡು ಕೂತರೆ ಈ ಆಲ್ಬಮ್ ನಿಮಗೆ ಸಿಗುವುದೇ ಇಲ್ಲ.

ದುಡ್ಡಿನ ವಿಷಯದಲ್ಲಿ ನಿಮ್ಮ ಸಿಟ್ಟು ಅರ್ಧ ಸರಿ. 1989ರಲ್ಲಿ ಶುರುವಾದ ಕೆಲಸ 19 ಸ್ಟುಡಿಯೋ ಸುತ್ತಿ, 1991ರ ನವೆಂಬರಿನಲ್ಲಿ ಹೊರಬಂತು. ಖರ್ಚು ಎರಡೂವರೆ ಲಕ್ಷ ಪೌಂಡ್ ಅನ್ನುವ ಮಾತಿದೆ. ಶೀಲ್ಡ್ಸ್ ಅದನ್ನು ಒಪ್ಪುವುದಿಲ್ಲ.  ಆದರೆ ನೀವು ಒಂದನ್ನು ಬಿಟ್ಟಿದ್ದೀರಿ. ಡ್ರಮ್ಮರ್ ಕೋಲಮ್ ಓ ಕೀಸೋಗ್ ಆಗ ಕಾಯಿಲೆ ಬಿದ್ದಿದ್ದರು. ಹೆಚ್ಚಿನ ಹಾಡುಗಳಲ್ಲಿ ಅವರು ನುಡಿಸಿದ ತುಣುಕುಗಳನ್ನೇ ಸ್ಯಾಂಪಲ್ ಮಾಡಿ ಜೋಡಿಸಬೇಕಾಯಿತು. ಇಷ್ಟೆಲ್ಲ ಮಾಡಿ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಸಿಕ್ಕಿದ್ದು 24ನೇ ಜಾಗ. ಆಲ್ಬಮ್ ಹೊರತಂದ ಕ್ರಿಯೇಷನ್ ರೆಕಾರ್ಡ್ಸ್ ಕಂಪನಿಯ ಅಲನ್ ಮೆಗೀ ಬ್ಯಾಂಡನ್ನು ಕೈಬಿಟ್ಟರು. ಮುಂದಿನ ಆಲ್ಬಮ್ ಬಂದಿದ್ದು 2013ರಲ್ಲಿ. ಅಂದರೆ ಶೀಲ್ಡ್ಸ್ ಪಾಠ ಕಲಿಯಲಿಲ್ಲ.

ಇನ್ನೊಮ್ಮೆ ಕೇಳುವ ಮನಸ್ಸಿದ್ದರೆ ಮೊದಲ ಹಾಡಿನಿಂದ ಶುರು ಮಾಡಬೇಡಿ, ಅದು ಬಾಗಿಲಲ್ಲೇ ಹೊಡೆಯುತ್ತದೆ. ‘ಸಮ್‌ಟೈಮ್ಸ್’ ಹಾಕಿ. ಮೊಬೈಲಿನಲ್ಲಿ ಬೇಡ, ಸ್ಪೀಕರ್‌ನಲ್ಲೇ, ಸ್ವಲ್ಪ ಜಾಸ್ತಿ ವಾಲ್ಯೂಮ್ ಇಟ್ಟು. ಆಗಲೂ ತಲೆನೋವು ಬಂದರೆ ಸ್ಲೋಡೈವ್ ಬ್ಯಾಂಡ್‌ನ 1993ರ ‘ಸೂವ್ಲಾಕಿ’ ಕೇಳಿ ನೋಡಿ, ಅದು ಇದಕ್ಕಿಂತ ಮೃದು. ಅದೂ ಹಿಡಿಸದಿದ್ದರೆ ಬರೆಯಿರಿ. ಕತ್ತರಿ ಹಾಕದೆ ಪೂರ್ತಿ ಅಚ್ಚು ಹಾಕುತ್ತೇವೆ.

— ಸಂ.