ಆ ಹುಡುಗಿಯನ್ನು ಒಬ್ಬಳೇ ಸಮುದ್ರಕ್ಕೆ ಬಿಟ್ಟಿದ್ದು ಸರಿಯಾ?

ಹೋದ ಸಂಚಿಕೆಯಲ್ಲಿ ‘ಮೇಡನ್‌ಟ್ರಿಪ್’ ಸಾಕ್ಷ್ಯಚಿತ್ರ ಸಿಕ್ಕರೆ ತಪ್ಪದೆ ನೋಡಿ ಅಂತ ಬರೆದಿದ್ದೆ. ಲಾರಾ ಡೆಕ್ಕರ್ ಎಂಬ ಡಚ್ ಹುಡುಗಿ ಹಾಯಿದೋಣಿಯಲ್ಲಿ ಒಬ್ಬಳೇ ಭೂಮಿ ಸುತ್ತಿದ ಕಥೆ ಅದು. ಹೊರಟಾಗ ಅವಳಿಗೆ 14 ವರ್ಷ, ಮುಗಿಸಿದಾಗ 16. ಚಿತ್ರ 2013ರದ್ದು, ನಿರ್ದೇಶಕಿ ಜಿಲಿಯನ್ ಶ್ಲೆಸಿಂಜರ್. ಅಮೆರಿಕದ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಪ್ರೇಕ್ಷಕರೇ ಮತ ಹಾಕಿ ಇದಕ್ಕೆ ಪ್ರಶಸ್ತಿ ಕೊಟ್ಟರು. ನಿಮ್ಮ ಪತ್ರಗಳನ್ನು ನೋಡಿದರೆ ಅಷ್ಟು ಒಮ್ಮತ ಕಾಣುತ್ತಿಲ್ಲ! ಕೆಲವರಿಗೆ ಕಣ್ಣೀರು, ಕೆಲವರಿಗೆ ಸಿಟ್ಟು. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೂ 14 ವರ್ಷದ ಮಗಳಿದ್ದಾಳೆ. ಅರ್ಧ ನೋಡಿ ನಿಲ್ಲಿಸಿಬಿಟ್ಟೆ. ಮುಂದೆ ನೋಡಲು ಆಗಲಿಲ್ಲ. ಹೆತ್ತ ಅಪ್ಪನೇ ಮಗುವನ್ನು ನಡುಸಮುದ್ರಕ್ಕೆ ಕಳಿಸುವುದನ್ನು ಸಾಹಸ ಅಂತ ತೋರಿಸುತ್ತಾರಲ್ಲ, ಇದಕ್ಕೆ ಚಪ್ಪಾಳೆ ಬೇರೆ. ನಿಮಗೆ ಏನೂ ಅನ್ನಿಸಲಿಲ್ಲವಾ?

ಉತ್ತರ: ಅನ್ನಿಸಿತು ತಾಯಿ. ಮೊದಲ ಸಲ ನೋಡಿದಾಗ ನಾನೂ ಕುರ್ಚಿಯ ತುದಿಯಲ್ಲೇ ಕೂತಿದ್ದೆ. ನಿಮ್ಮ ಸಿಟ್ಟು ತಪ್ಪು ಅಂತ ಖಂಡಿತ ಹೇಳುವುದಿಲ್ಲ. ಆದರೆ ಅಪ್ಪ ‘ಹೋಗಿ ಬಾ’ ಅಂದ, ಮಗಳು ಹೊರಟಳು, ಹಾಗೇನೂ ಇದು ನಡೆದಿಲ್ಲ. ಚಿತ್ರ ಈ ಭಾಗವನ್ನು ಬೇಗ ದಾಟಿಬಿಡುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲಾರಾ ತನ್ನ ಯೋಜನೆ ಹೇಳಿದ್ದು 2009ರಲ್ಲಿ, 13ನೇ ವಯಸ್ಸಿನಲ್ಲಿ. ನೆದರ್ಲ್ಯಾಂಡ್ಸ್‌ನ ಮಕ್ಕಳ ರಕ್ಷಣೆಯ ಅಧಿಕಾರಿಗಳು ಕೋರ್ಟಿಗೆ ಹೋದರು. ಕೋರ್ಟು ಅವಳನ್ನು ತಡೆಯಿತು. ಪಾಲಕರ ಜೊತೆಗೆ ಸರ್ಕಾರದ ಕಣ್ಗಾವಲೂ ಇರಲಿ ಎಂದಿತು. ಆ ಡಿಸೆಂಬರ್‌ನಲ್ಲಿ ಹುಡುಗಿ ಮನೆಬಿಟ್ಟು ಕೆರಿಬಿಯನ್ ಸಮುದ್ರದ ಸಿಂಟ್ ಮಾರ್ಟನ್ ದ್ವೀಪಕ್ಕೆ ಓಡಿಹೋದಳು. ಅಲ್ಲಿಂದ ವಾಪಸ್ ಕರೆತಂದರು. ಆಮೇಲೆ ಇನ್ನೂ ದೊಡ್ಡ ದೋಣಿ ಬೇಕು, ಪ್ರಥಮ ಚಿಕಿತ್ಸೆ ಕಲಿಯಬೇಕು, ನಿದ್ದೆಗೆಟ್ಟು ಇರುವುದನ್ನು ಅಭ್ಯಾಸ ಮಾಡಬೇಕು ಅಂತೆಲ್ಲ ತಯಾರಿ ನಡೆಯಿತು. 2010ರ ಜುಲೈನಲ್ಲಿ ಕೋರ್ಟು ಕಣ್ಗಾವಲು ತೆಗೆಯಿತು. ಆಗಸ್ಟ್‌ನಲ್ಲಿ ಅವಳು ಜಿಬ್ರಾಲ್ಟರ್‌ನಿಂದ ಹೊರಟಳು.

ನನ್ನ ಅಭಿಪ್ರಾಯ ಕೇಳಿದಿರಿ. ತಡೆದಿದ್ದೂ ಸರಿ, ಬಿಟ್ಟಿದ್ದೂ ಸರಿ ಅನ್ನುತ್ತೇನೆ. ಸುಮ್ನೆ ಜಾರಿಕೊಳ್ಳಲು ಹೇಳುತ್ತಿಲ್ಲ. ಆ ಒಂದು ವರ್ಷದ ತಡೆ ಅವಳನ್ನು ಉಳಿಸಿತು ಅಂತಲೇ ನನಗೆ ಅನ್ನಿಸುವುದು. ಭಯಪಡಲು ಕಾರಣವೂ ಇತ್ತು. 2010ರ ಜೂನ್‌ನಲ್ಲಿ, ಅಂದರೆ ಲಾರಾ ಹೊರಡುವುದಕ್ಕೆ ಎರಡೇ ತಿಂಗಳ ಮುಂಚೆ, ಅಬಿ ಸಂಡರ್ಲ್ಯಾಂಡ್ ಎಂಬ 16 ವರ್ಷದ ಅಮೆರಿಕದ ಹುಡುಗಿ ಹಿಂದೂ ಮಹಾಸಾಗರದಲ್ಲಿ ಒಬ್ಬಳೇ ಇದ್ದಾಗ ದೋಣಿಯ ಹಾಯಿಕಂಬವೇ ಮುರಿಯಿತು. ಫ್ರೆಂಚ್ ಮೀನುಗಾರಿಕೆ ಹಡಗೊಂದು ಬಂದು ಅವಳನ್ನು ಕಾಪಾಡಿತು. ಅದೇ ವರ್ಷದ ಮೇನಲ್ಲಿ ಆಸ್ಟ್ರೇಲಿಯಾದ ಜೆಸ್ಸಿಕಾ ವಾಟ್ಸನ್ ಅದೇ ವಯಸ್ಸಿನಲ್ಲಿ ಸುತ್ತು ಮುಗಿಸಿ ಕ್ಷೇಮವಾಗಿ ಮನೆ ಸೇರಿದ್ದಳು. ವಯಸ್ಸು ಒಂದೇ, ಸಮುದ್ರ ಒಂದೇ, ಆದದ್ದು ಬೇರೆ ಬೇರೆ. ಯಾವ ಅಪ್ಪ ಅಮ್ಮನಿಗೆ ಇದು ತಿಳಿದೂ ನಿದ್ದೆ ಬರುತ್ತದೆ?

ಇನ್ನೊಂದು ಮಾತು. ಲಾರಾ ಹುಟ್ಟಿದ್ದೇ ಅಪ್ಪ ಅಮ್ಮ ದೋಣಿಯಲ್ಲಿ ಪ್ರಪಂಚ ಸುತ್ತುತ್ತಿದ್ದಾಗ, ನ್ಯೂಜಿಲೆಂಡ್‌ನಲ್ಲಿ. ನಿಮ್ಮ ಮಗಳನ್ನು ಅವಳ ಜಾಗದಲ್ಲಿ ಇಟ್ಟು ನೋಡಿದ್ದರಿಂದ ನಿಮಗೆ ಅಷ್ಟು ನೋವಾಯಿತು. ಅದು ಸಹಜ. ಆದರೆ ಅವಳಿಗೆ ಹಗ್ಗ, ಗಾಳಿ, ಅಲೆ ಎಲ್ಲ ನಮ್ಮ ಮಕ್ಕಳಿಗೆ ಸೈಕಲ್ ಇದ್ದ ಹಾಗೆ. ಆಗುವುದಾದರೆ ಉಳಿದ ಅರ್ಧವನ್ನೂ ನೋಡಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.

ಪ್ರಶ್ನೆ: ಅವಳು ಮಲಗಿದಾಗ ದೋಣಿ ನಡೆಸುವವರು ಯಾರು? ಇಡೀ ಚಿತ್ರದಲ್ಲಿ ನನಗೆ ಇದೊಂದೇ ಪ್ರಶ್ನೆ ಕಾಡಿತು.

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ! ಒಬ್ಬರೇ ದೂರ ಹೋಗುವ ಹಾಯಿದೋಣಿಗಳಲ್ಲಿ ಸಾಮಾನ್ಯವಾಗಿ ಆ ಕೆಲಸ ಗಾಳಿಯೇ ಮಾಡುತ್ತದೆ. ದೋಣಿಯ ಹಿಂತುದಿಯಲ್ಲಿ ತೆಳ್ಳನೆಯ ಹಲಗೆಯೊಂದನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲಿಸಿರುತ್ತಾರೆ. ಇದಕ್ಕೆ ವಿಂಡ್ ವೇನ್ ಅನ್ನುತ್ತಾರೆ. ದೋಣಿ ಸರಿದಾರಿಯಲ್ಲಿ ಇರುವವರೆಗೆ ಗಾಳಿ ಹಲಗೆಯ ಎರಡೂ ಬದಿಗೆ ಸವರಿಕೊಂಡು ಹೋಗುತ್ತದೆ. ದೋಣಿ ಸ್ವಲ್ಪ ತಿರುಗಿತು ಅನ್ನಿ, ಗಾಳಿ ಹಲಗೆಯ ಒಂದು ಮೈಗೆ ಬಡಿದು ಅದನ್ನು ವಾಲಿಸುತ್ತದೆ. ಹಲಗೆ ವಾಲಿದರೆ ಕೆಳಗೆ ನೀರಿನಲ್ಲಿರುವ ಹುಟ್ಟಿನಂಥ ಪಟ್ಟಿ ತಿರುಗುತ್ತದೆ. ಹರಿಯುವ ನೀರು ಆ ಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೆ ಕಟ್ಟಿದ ಹಗ್ಗ ಚುಕ್ಕಾಣಿಯನ್ನು ಎಳೆಯುತ್ತದೆ, ದೋಣಿ ಮತ್ತೆ ದಾರಿಗೆ ಬರುತ್ತದೆ. ಕರೆಂಟು ಬೇಡ, ಎಣ್ಣೆ ಬೇಡ. ಹಗಲೂ ರಾತ್ರಿ ಬೇಸರವಿಲ್ಲದೆ ದುಡಿಯುವ ಆಳು ಇದ್ದ ಹಾಗೆ.

ಆದರೆ ಈ ಆಳಿಗೆ ಕಣ್ಣಿಲ್ಲ. ಎದುರಿಗೆ ಹಡಗು ಬಂದರೂ ಗೊತ್ತಾಗುವುದಿಲ್ಲ. ಅದಕ್ಕೇ ಒಂಟಿ ನಾವಿಕರು ಗಂಟೆಗಟ್ಟಲೆ ಮಲಗುವುದಿಲ್ಲ. ಅಲಾರಂ ಇಟ್ಟುಕೊಂಡು ಚೂರುಚೂರೇ ನಿದ್ದೆ ಮಾಡುತ್ತಾರೆ, ಎದ್ದು ಸುತ್ತ ಒಮ್ಮೆ ಕಣ್ಣು ಹಾಯಿಸಿ ಮತ್ತೆ ಮಲಗುತ್ತಾರೆ. ಹಡಗು ಹತ್ತಿರ ಬಂದರೆ ರೇಡಾರ್ ಕೂಗಿ ಎಬ್ಬಿಸುವ ವ್ಯವಸ್ಥೆಯೂ ಇರುತ್ತದೆ. ಲಾರಾ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ದಕ್ಷಿಣ ಆಫ್ರಿಕಾದ ಡರ್ಬನ್‌ವರೆಗೆ ಸುಮಾರು 7 ವಾರ ನೆಲ ಮುಟ್ಟದೆ ಹೋದಳು. ಆ 7 ವಾರವೂ ಅವಳ ನಿದ್ದೆ ಇಂಥದ್ದೇ ಇದ್ದಿರಬೇಕು. ಇದನ್ನು ತಿಳಿದುಕೊಂಡು ಆ ಭಾಗ ಇನ್ನೊಮ್ಮೆ ನೋಡಿ. ಅವಳ ಮುಖವೇ ಬೇರೆ ಥರ ಕಾಣುತ್ತದೆ.

ಪ್ರಶ್ನೆ: ಒಬ್ಬಳೇ ಇದ್ದಳು ಅಂತಾರೆ, ಹಾಗಾದರೆ ಕ್ಯಾಮೆರಾ ಹಿಡಿದಿದ್ದು ಯಾರು? ಹಿಂದೆ ಇನ್ನೊಂದು ದೋಣಿಯಲ್ಲಿ ಚಿತ್ರತಂಡ ಇತ್ತು ಅಂತ ನನ್ನ ಗೆಳೆಯನ ವಾದ. ಇದೆಲ್ಲ ನಾಟಕ ಅನ್ನುತ್ತಾನೆ.

ಉತ್ತರ: ನಿಮ್ಮ ಗೆಳೆಯರಿಗೆ ಹೇಳಿ, ಹಿಂದೆ ಯಾವ ದೋಣಿಯೂ ಇರಲಿಲ್ಲ. ಸಮುದ್ರದ ಮೇಲಿನ ದೃಶ್ಯಗಳನ್ನು ತೆಗೆದಿದ್ದು ಲಾರಾನೇ. ನಿರ್ದೇಶಕಿ ಅವಳನ್ನು ಭೇಟಿಯಾಗಿದ್ದು ನಡುನಡುವೆ, ದೋಣಿ ನೆಲ ಮುಟ್ಟಿದ ಕಡೆಗಳಲ್ಲಿ. ಚಿತ್ರದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದೇ. ಅಲೆ ಏಳುವಾಗ ಕ್ಯಾಮೆರಾ ಸ್ಥಿರವಾಗಿ ಇರುವುದಿಲ್ಲ. ದಿಗಂತ ಓರೆಯಾಗುತ್ತದೆ, ಮುಖ ಅರ್ಧ ಮಾತ್ರ ಕಾಣುತ್ತದೆ, ಗಾಳಿಗೆ ಮಾತು ಕೇಳುವುದಿಲ್ಲ. ನುರಿತ ಛಾಯಾಗ್ರಾಹಕರು ತೆಗೆದಿದ್ದರೆ ಚೆಂದ ಇರುತ್ತಿತ್ತು, ಆದರೆ ಆಗ ಅವಳು ಒಂಟಿಯಾಗಿ ಇರುತ್ತಿರಲಿಲ್ಲ, ಅಲ್ವಾ? ಮೊದಮೊದಲು ಅವಳು ಕ್ಯಾಮೆರಾಕ್ಕೆ ಸುದ್ದಿ ಹೇಳುವವಳಂತೆ ಮಾತಾಡುತ್ತಾಳೆ. ಹೋಗ್ತಾ ಹೋಗ್ತಾ ಅದು ಜೊತೆಗಾರ್ತಿಯಾಗುತ್ತದೆ. ಬೇರೆ ಯಾರಿಗೂ ಹೇಳದ್ದನ್ನು ಅದಕ್ಕೆ ಹೇಳುತ್ತಾಳೆ.

ಅನುಮಾನ ಪಡುವುದೂ ತಪ್ಪಲ್ಲ. ದೂರದ ನೆಲಗಳ ಚಿತ್ರಗಳಲ್ಲಿ ಕಟ್ಟಿದ ದೃಶ್ಯಗಳು ಇದ್ದೇ ಇವೆ. 1922ರ ‘ನಾನೂಕ್ ಆಫ್ ದ ನಾರ್ತ್’ ಚಿತ್ರಕ್ಕಾಗಿ ರಾಬರ್ಟ್ ಫ್ಲಾಹರ್ಟಿ ಹಿಮದ ಮನೆಯೊಂದನ್ನು ಒಂದು ಬದಿ ತೆರೆದಿಟ್ಟೇ ಕಟ್ಟಿಸಿದರು, ಇಲ್ಲದಿದ್ದರೆ ಒಳಗೆ ಶೂಟ್ ಮಾಡುವಷ್ಟು ಬೆಳಕು ಇರುತ್ತಿರಲಿಲ್ಲ. ಆಗಲೇ ಬಂದೂಕು ಬಳಸುತ್ತಿದ್ದ ಜನರ ಕೈಗೆ ಹಳೆಯ ಕಾಲದ ಈಟಿ ಕೊಟ್ಟರು. ನಾಯಕನ ನಿಜವಾದ ಹೆಸರೂ ನಾನೂಕ್ ಅಲ್ಲ. ಆದರೆ ಇಲ್ಲಿ ಹಾಗೆ ಕಟ್ಟುವವರೇ ದೋಣಿಯಲ್ಲಿ ಇರಲಿಲ್ಲ. ಯಾವ ದೃಶ್ಯ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅಂತ ಆರಿಸಿದ್ದು ಮಾತ್ರ ನೆಲದ ಮೇಲಿದ್ದವರು.

ಪ್ರಶ್ನೆ: ನಡುವೆ ತುಂಬಾ ಬೋರ್ ಆಯಿತು. ಬಿರುಗಾಳಿ ಬರುತ್ತದೆ ಅಂತ ಕಾದಿದ್ದೇ ಬಂತು.

ಉತ್ತರ: ಬಿರುಗಾಳಿಗಿಂತ ಗಾಳಿಯೇ ಇಲ್ಲದ ದಿನಗಳು ನಾವಿಕರನ್ನು ಜಾಸ್ತಿ ಕಂಗೆಡಿಸುತ್ತವೆ. ಭೂಮಧ್ಯರೇಖೆಯ ಹತ್ತಿರ ಇಂಥ ಪಟ್ಟಿಯೇ ಇದೆ. ಹಾಯಿ ಜೋತು ಬೀಳುತ್ತದೆ, ದೋಣಿ ನಿಂತಲ್ಲೇ ಹೊಯ್ದಾಡುತ್ತದೆ. ಆ ಬೇಸರವೂ ಪ್ರಯಾಣದ ಭಾಗವೇ. ಚಿತ್ರ ಇರುವುದೇ ಒಂದೂವರೆ ಗಂಟೆಯೊಳಗೆ. ಅಷ್ಟು ಬೇಸರವನ್ನು ಅವಳ ಜೊತೆ ಹಂಚಿಕೊಳ್ಳಬಹುದು ಅನ್ನಿಸುತ್ತದೆ ನನಗೆ.

ಪ್ರಶ್ನೆ: ಹಾಯಿದೋಣಿ ಹತ್ತಿಲ್ಲದವರಿಗೆ, ಸಮುದ್ರವನ್ನೇ ಸರಿಯಾಗಿ ನೋಡಿಲ್ಲದವರಿಗೆ ಇಂಥ ಚಿತ್ರ ಯಾಕೆ? ಇದನ್ನು ಯಾರು ನೋಡುತ್ತಾರೆ ಅಂತ ಮಾಡುತ್ತಾರೋ ಗೊತ್ತಾಗುವುದಿಲ್ಲ.

ಉತ್ತರ: 1960ರ ದಶಕದಲ್ಲಿ ಅಮೆರಿಕದ ವಿತರಕರೂ ಇದನ್ನೇ ಕೇಳಿದ್ದರು! ಬ್ರೂಸ್ ಬ್ರೌನ್ ಇಬ್ಬರು ಸರ್ಫಿಂಗ್ ಹುಡುಗರನ್ನು ಕರೆದುಕೊಂಡು, ಒಳ್ಳೆಯ ಅಲೆ ಹುಡುಕಿಕೊಂಡು ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಂತೆಲ್ಲ ಸುತ್ತಿ ‘ದಿ ಎಂಡ್‌ಲೆಸ್ ಸಮ್ಮರ್’ ಮಾಡಿದರು. 16 ಎಂಎಂ ಕ್ಯಾಮೆರಾ, ಸುಮಾರು 50,000 ಡಾಲರ್ ಖರ್ಚು. ಕಡಲತೀರ ಬಿಟ್ಟು ಒಳಗಿನ ಊರುಗಳಲ್ಲಿ ಇದನ್ನು ಯಾರೂ ನೋಡುವುದಿಲ್ಲ ಅಂತ ವಿತರಕರು ಕೈಚೆಲ್ಲಿದರು. ಬ್ರೌನ್ ಏನು ಮಾಡಿದರು ಗೊತ್ತಾ? ಸಮುದ್ರದ ಗಾಳಿಯೂ ಸೋಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರ ಆರಿಸಿಕೊಂಡರು. ಅದೂ ಮೈ ನಡುಗುವ ಚಳಿಗಾಲದಲ್ಲಿ. ಅಲೆಯ ಮೇಲೆ ಹಲಗೆ ಇಟ್ಟು ಜಾರುವುದನ್ನು ಜನ್ಮದಲ್ಲಿ ಕಾಣದ ಜನ ಆ ಚಳಿಯಲ್ಲಿ ಸಾಲು ನಿಂತರು, ಥಿಯೇಟರ್ ತುಂಬಿತು. ಆಮೇಲೆ ನ್ಯೂಯಾರ್ಕ್‌ನಲ್ಲಿ ತಾವೇ ಥಿಯೇಟರ್ ಬಾಡಿಗೆ ಹಿಡಿದು ಹಾಕಿದರು, ಅಲ್ಲೂ ತಿಂಗಳುಗಟ್ಟಲೆ ಓಡಿತು. 1966ರಲ್ಲಿ ಅದು ಎಲ್ಲೆಡೆ ಬಿಡುಗಡೆಯಾಯಿತು.

ಸಮುದ್ರ ಕಾಣದವರಿಗೇ ಸಮುದ್ರದ ಚಿತ್ರ ಜಾಸ್ತಿ ಬೇಕು ಅನ್ನಿಸುತ್ತದೆ. ನಿಮ್ಮ ಪತ್ರ ಮೂರು ಪುಟ ಇತ್ತು. ಚಿತ್ರ ನಿಮ್ಮನ್ನು ಮುಟ್ಟಿಲ್ಲ ಅಂತ ಅದನ್ನು ಓದಿದ ನನಗೆ ನಂಬಲು ಆಗಲಿಲ್ಲ.

ಪ್ರಶ್ನೆ: ನನ್ನ ತಮ್ಮ ಇದನ್ನು ನೋಡಿದ ಮೇಲೆ ಓದು ಬಿಟ್ಟು ವಿದೇಶ ಸುತ್ತುತ್ತೇನೆ ಅಂತ ಕೂತಿದ್ದಾನೆ. ಇಂಥ ಚಿತ್ರಗಳು ಹುಡುಗರ ತಲೆ ಕೆಡಿಸುವುದಿಲ್ಲವಾ?

ಉತ್ತರ: ಕೆಲವೊಮ್ಮೆ ಕೆಡಿಸುತ್ತವೆ, ಅದನ್ನು ಮುಚ್ಚಿಡುವುದಿಲ್ಲ. 1992ರಲ್ಲಿ ಕ್ರಿಸ್ ಮೆಕ್ಯಾಂಡ್ಲೆಸ್ ಎಂಬ ತರುಣ ಅಲಾಸ್ಕಾದ ಕಾಡಿನಲ್ಲಿ ಕೆಟ್ಟು ನಿಂತ ಬಸ್ಸಿನೊಳಗೆ ಸತ್ತ. ಅವನ ಬಗ್ಗೆ ಪುಸ್ತಕ ಬಂತು, 2007ರಲ್ಲಿ ಸಿನಿಮಾ ಬಂತು. ಆ ಬಸ್ಸು ನೋಡಲು ಜನ ಹೊರಟರು. ದಾರಿಯಲ್ಲಿ ಟೆಕ್ಲಾನಿಕಾ ಎಂಬ ನದಿ. ಹಿಮ ಕರಗಿದಾಗ, ಮಳೆ ಬಂದಾಗ ನೋಡನೋಡುತ್ತ ಉಕ್ಕುವ ನದಿ. ಅದನ್ನು ದಾಟಲು ಹೋಗಿ 2010ರಲ್ಲಿ ಒಬ್ಬಳು, 2019ರಲ್ಲಿ ಇನ್ನೊಬ್ಬಳು ಪ್ರಾಣ ಕಳೆದುಕೊಂಡರು. ಕಾಪಾಡಿ ಕರೆತಂದವರಂತೂ ಎಷ್ಟೋ ಜನ. ಕೊನೆಗೆ 2020ರ ಜೂನ್‌ನಲ್ಲಿ ಹೆಲಿಕಾಪ್ಟರ್‌ಗೆ ಕಟ್ಟಿ ಆ ಬಸ್ಸನ್ನೇ ಎತ್ತಿಕೊಂಡು ಹೋದರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಅವನು ಸತ್ತ ಜಾಗವನ್ನೇ ಅವರು ಗುರಿ ಮಾಡಿಕೊಂಡರು.

ನಿಮ್ಮ ತಮ್ಮನಿಗೆ ಬೇಡ ಅನ್ನಬೇಡಿ. ಕೂತು ಮಾತಾಡಿ. ಲಾರಾ ಹೋದ ದಾರಿಯ ನಕ್ಷೆ ತೆಗೆಯಲಿ. ಏಡನ್ ಕೊಲ್ಲಿಯ ಕಡೆ ಅವಳು ಯಾಕೆ ಹೋಗಲಿಲ್ಲ ಅಂತ ಕೇಳಿ. ಅಲ್ಲಿ ಕಡಲ್ಗಳ್ಳರ ಕಾಟ ಇತ್ತು, ಅದಕ್ಕೇ ಆಫ್ರಿಕಾವನ್ನು ಪೂರ್ತಿ ಬಳಸಿ ಹೋದಳು. ದಾರಿಯಲ್ಲಿ ಎಷ್ಟು ಬಂದರುಗಳಲ್ಲಿ ನಿಂತು ದೋಣಿ ರಿಪೇರಿ ಮಾಡಿಕೊಂಡಳು ಅಂತ ಎಣಿಸಲಿ. ಅವನಿಗೆ ಈ ತಯಾರಿಯ ಕೆಲಸವೂ ಇಷ್ಟವಾದರೆ ಆಸೆ ನಿಜ, ನೀವೂ ಜೊತೆ ನಿಲ್ಲಿ. ಬೇಸರ ಬಂತು ಅಂದರೆ ಸದ್ಯಕ್ಕೆ ಪರೀಕ್ಷೆ ಬರೆಯಲಿ.

ಪ್ರಶ್ನೆ: ಸಾಹಸ ಮೆಚ್ಚಿದೆ, ಹುಡುಗಿ ಇಷ್ಟವಾಗಲಿಲ್ಲ. ಪತ್ರಕರ್ತರನ್ನು ಕಂಡರೆ ಆಗುವುದಿಲ್ಲ, ತನ್ನ ದೇಶದ ಬಾವುಟವನ್ನೇ ಬದಲಾಯಿಸುತ್ತಾಳೆ. ಇಷ್ಟು ಜಂಬ ಯಾಕೆ?

ಉತ್ತರ: ನನಗೆ ಜಂಬ ಕಾಣಲಿಲ್ಲ, ಸಾಕಾಗಿಹೋದ ಹುಡುಗಿ ಕಂಡಳು. 13ನೇ ವಯಸ್ಸಿನಲ್ಲಿ ನಿಮ್ಮ ಹೆಸರು ದಿನವೂ ಪೇಪರಿನಲ್ಲಿ, ಕಂಡ ಕಂಡವರೆಲ್ಲ ನಿಮ್ಮ ಮನೆಯ ಬಗ್ಗೆ ತೀರ್ಪು ಕೊಡುತ್ತಿದ್ದರೆ ನಿಮಗೆ ಹೇಗಿರುತ್ತಿತ್ತು? ಡಚ್ ಬಾವುಟ ತೆಗೆದು ತಾನು ಹುಟ್ಟಿದ ನ್ಯೂಜಿಲೆಂಡ್‌ನ ಬಾವುಟ ಕಟ್ಟಿದ್ದು ಅದೇ ನೋವಿನಿಂದ ಅಂತ ನಾನು ಓದಿಕೊಂಡೆ. ಮೊದಲು ಒಂಟಿತನ ಅಂತ ಕೊರಗಿದವಳು ಕೊನೆಗೆ ನೆಲ ಹತ್ತಿರ ಬಂದರೆ ಬೇಸರಪಡುತ್ತಾಳೆ. ಆ ಬದಲಾವಣೆ ನೋಡಿ ನನಗೆ ಖುಷಿಗಿಂತ ಕಳವಳವೇ ಜಾಸ್ತಿ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಎಲ್ಲರೂ ಮೆಚ್ಚುವ ಹಾಗೆ ಅವಳನ್ನು ತಿದ್ದಿ ತೀಡಿ ತೋರಿಸಿಲ್ಲ. ಆ ನಿರ್ದೇಶಕಿಗೆ ನನ್ನ ನಮಸ್ಕಾರ.

ಪ್ರಶ್ನೆ: ಆ ಕೆಂಪು ದೋಣಿ ಈಗ ಎಲ್ಲಿದೆ? ನನ್ನ 9 ವರ್ಷದ ಮಗ ಕೇಳುತ್ತಿದ್ದಾನೆ.

ಉತ್ತರ: ದೋಣಿಯ ಹೆಸರು ಗಪ್ಪಿ. ಎರಡು ಹಾಯಿಕಂಬ, 38 ಅಡಿ ಉದ್ದ. 2012ರ ಜನವರಿ 21ರಂದು ಸಿಂಟ್ ಮಾರ್ಟನ್‌ನಲ್ಲಿ ಸುತ್ತು ಮುಗಿಯಿತು. ಲಾರಾ ಮುಂದೆ ಅದೇ ದೋಣಿಯಲ್ಲಿ ನ್ಯೂಜಿಲೆಂಡ್‌ಗೆ ಹೋದಳು. ಕೆಲವು ವರ್ಷಗಳ ನಂತರ ದೋಣಿಯನ್ನು ಬೇರೆಯವರ ಕೈಗೆ ಒಪ್ಪಿಸಿದಳು. 2018ರಲ್ಲಿ ಪೆಸಿಫಿಕ್ ಸಾಗರದ ಕುಕ್ ದ್ವೀಪಗಳಲ್ಲಿರುವ ಮನಿಹಿಕಿ ಎಂಬ ಹವಳದ ದ್ವೀಪದ ದಿಬ್ಬಕ್ಕೆ ಬಡಿದು ಅದು ಒಡೆದುಹೋಯಿತು. ಆಗ ಲಾರಾ ಅದರಲ್ಲಿ ಇರಲಿಲ್ಲ. ನಿಮ್ಮ ಮಗನಿಗೆ ಇದನ್ನು ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟಿದ್ದು. ಭೂಪಟದಲ್ಲಿ ಮನಿಹಿಕಿ ಹುಡುಕಲು ಹೇಳಿ. ತುಂಬಾ ಪುಟ್ಟ ದ್ವೀಪ, ಸ್ವಲ್ಪ ಹೊತ್ತು ಬೇಕಾಗುತ್ತದೆ.